ಮಿಷನ್ನು ಸತ್ತಿಲ್ಲ, ವಯರು ಸತ್ತಿದೆ



ಇದು ಜೂನ್ ತಿಂಗಳು. ಮಲ್ಪೆ ಬಂದರಿನ ದಕ್ಕೆಯಲ್ಲಿ ಬೋಟುಗಳು ಒಂದರ ಹೆಗಲಿಗೆ ಒಂದು ತಾಗಿಕೊಂಡು ಮಳೆಯಲ್ಲಿ ನೆನೆಯುತ್ತ ನಿಂತಿವೆ. ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮೀನಿಗೆ ಅದು ಮೊಟ್ಟೆಯಿಡುವ ಕಾಲ, ನಮ್ಮಂಥ ರಿಪೇರಿಯವರಿಗೆ ದುಡಿಯುವ ಕಾಲ. ಬಡಗಿಗಳು, ಬಣ್ಣದವರು, ವೆಲ್ಡಿಂಗಿನವರು, ಬಲೆ ಸರಿಮಾಡುವವರು, ಇವರೆಲ್ಲರ ನಡುವೆ ಒಂದು ಚೀಲ ಹೆಗಲಿಗೆ ಹಾಕಿಕೊಂಡು ನಾನೂ ಬೋಟಿನಿಂದ ಬೋಟಿಗೆ ಹಾರುತ್ತಿರುತ್ತೇನೆ. ಜಿಪಿಎಸ್, ಫಿಶ್ ಫೈಂಡರ್, ವಯರ್‌ಲೆಸ್ ಕೂರಿಸುವುದು, ಕೆಟ್ಟರೆ ನೋಡುವುದು ನನ್ನ ಕೆಲಸ.

ಒಂದು ಮಳೆಗಾಲದಲ್ಲಿ ಬೋಟಿನ ಯಜಮಾನರೊಬ್ಬರು ಫಿಶ್ ಫೈಂಡರನ್ನು ಬೈರಾಸಿನಲ್ಲಿ ಸುತ್ತಿ, ಜ್ವರ ಬಂದ ಮಗುವನ್ನು ತರುವ ಹಾಗೆ ಎದೆಗೆ ಅವುಚಿಕೊಂಡು ಬಂದರು. "ಅಣ್ಣ, ಇದು ಸತ್ತುಹೋಯ್ತು. ಹೊಸತಕ್ಕೆ ಎಷ್ಟಾಗ್ತದೆ ಹೇಳಿ" ಅಂದರು. ನನ್ನ ಮೇಜಿನ ಬ್ಯಾಟರಿಗೆ ಕೊಟ್ಟೆ. ಪರದೆ ಝಗ್ಗೆಂದು ಬೆಳಗಿತು. ಅವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಬೋಟಿಗೆ ಹೋಗಿ ಕ್ಯಾಬಿನ್ನಿನ ಹಲಗೆ ಬಿಚ್ಚಿದರೆ ಹಿಂದೆ ಎರಡು ವಯರುಗಳನ್ನು ಕೈಯಲ್ಲಿ ತಿರುಪಿ ಕಪ್ಪು ಟೇಪು ಸುತ್ತಿದ ಗಂಟು. ಮುಟ್ಟಿದ್ದೇ ತಡ, ಟೇಪು ಅಂಟಂಟಾಗಿ ಜಾರಿಬಂತು. ಒಳಗೆ ತಾಮ್ರ ಇರಲಿಲ್ಲ, ಹಸಿರು ಹುಡಿ ಇತ್ತು. ಮುಕ್ಕಾಲು ಗಂಟೆಯ ಕೆಲಸ. "ಇಷ್ಟೇ ಆ?" ಅಂತ ಕೇಳಿದರು. ಇಷ್ಟೇ. ನನ್ನ ಹತ್ತಿರ 'ಸತ್ತು' ಬರುವ ಮಿಷನ್ನುಗಳಲ್ಲಿ ಹೆಚ್ಚಿನವು ಇದೇ ಜಾತಿಯವು. ಮಿಷನ್ನಿಗೆ ಲಕ್ಷ ಎಣಿಸುವಾಗ ನಡುಗದ ಕೈ, ವಯರಿಗೆ ಸಾವಿರ ಕೊಡುವಾಗ ನಡುಗುತ್ತದೆ. ಇವತ್ತು ನಾನು ಹೇಳಬೇಕೆಂದಿರುವುದು ಮಿಷನ್ನಿನ ವಿಷಯವಲ್ಲ, ಅದರ ಹಿಂದಿನ ವಯರು, ಅದರ ಅಡಿಯ ತೂತು, ಇವುಗಳ ವಿಷಯ.

ಫಿಶ್ ಫೈಂಡರ್ ಎಂದರೆ ಬೋಟಿನ ಅಡಿಯಿಂದ ಕೂಗಿ, ಪ್ರತಿಧ್ವನಿಗೆ ಕಿವಿಗೊಡುವ ಯಂತ್ರ. ಸಮುದ್ರದ ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ. 60 ಮೀಟರ್ ಆಳಕ್ಕೆ ಹೋಗಿ ವಾಪಸು ಬರಲು ಅದಕ್ಕೆ ಸೆಕೆಂಡಿನ ನೂರರಲ್ಲಿ ಎಂಟು ಪಾಲು ಸಾಕು. ನಡುವೆ ಮೀನಿನ ಹಿಂಡು ಇದ್ದರೆ ಅದಕ್ಕೆ ತಾಗಿದ ಸದ್ದು ಮೊದಲು ಬರುತ್ತದೆ. ನಿಜಕ್ಕೂ ಸದ್ದನ್ನು ಜೋರಾಗಿ ಹಿಂದಕ್ಕೆ ಎಸೆಯುವುದು ಮೀನಿನ ಮಾಂಸವಲ್ಲ, ಹೊಟ್ಟೆಯೊಳಗಿನ ಗಾಳಿಚೀಲ. ಗಾಳಿಚೀಲವಿಲ್ಲದ ಬೊಂಡಾಸ್ (ಸ್ಕ್ವಿಡ್) ಆದ್ದರಿಂದಲೇ ಪರದೆಯ ಮೇಲೆ ಮಂಕಾಗಿ ಕಾಣುತ್ತದೆ. "ಬೊಂಡಾಸ್ ತೋರಿಸುವುದಿಲ್ಲ, ಮಿಷನ್ನು ಸರಿ ಇಲ್ಲ" ಎಂದು ಜಗಳಕ್ಕೆ ಬರುವವರಿಗೆ ನಾನು ಇದನ್ನೇ ಹೇಳುವುದು.

ಈ ಯಂತ್ರ ಹುಟ್ಟಿದ ಕತೆಯೂ ಗಾಳಿಯ ಕತೆಯೇ. ಜಪಾನಿನ ನಾಗಾಸಾಕಿ ಸೀಮೆಯಲ್ಲಿ ಫುರುನೊ ಎಂಬ ಅಣ್ಣತಮ್ಮಂದಿರು ದೋಣಿಗಳಿಗೆ ವಿದ್ಯುತ್ ಕೆಲಸ ಮಾಡಿಕೊಡುತ್ತಿದ್ದರು. ನಮ್ಮ ಕಸುಬಿನವರೇ ಅನ್ನಿ. ಮೀನಿರುವಲ್ಲಿ ಗುಳ್ಳೆ ಏಳುತ್ತದೆ ಎಂದು ಹಳೇ ಬೆಸ್ತನೊಬ್ಬ ಹೇಳಿದ ಮಾತು ಅವರ ತಲೆಗೆ ಹೊಕ್ಕಿತು. ಗುಳ್ಳೆಗೆ ಸದ್ದು ತಾಗಿ ಹಿಂದೆ ಬರಬೇಕಲ್ಲ ಎಂದು ಹಿಡಿದು, ಯುದ್ಧ ಮುಗಿದ ಮೇಲೆ ಉಳಿದಿದ್ದ ಆಳ ಅಳೆಯುವ ಯಂತ್ರಗಳನ್ನು ತಿದ್ದಿ, 1948ರಲ್ಲಿ ಮಾರಾಟಕ್ಕೆ ಬರುವಂಥ ಮೊದಲ ಫಿಶ್ ಫೈಂಡರ್ ಮಾಡಿದರು. ತಮಾಷೆ ಎಂದರೆ, ಗುಳ್ಳೆಯಿಂದ ಹುಟ್ಟಿದ ಈ ಯಂತ್ರಕ್ಕೆ ಗುಳ್ಳೆಯೇ ಶತ್ರು. ಬೋಟಿನ ಅಡಿಯಲ್ಲಿ ಕೂಗುವ, ಕೇಳುವ ಭಾಗವನ್ನು ಟ್ರಾನ್ಸ್‌ಡ್ಯೂಸರ್ ಎನ್ನುತ್ತಾರೆ. ಅದರ ಮುಖದ ಮುಂದೆ ನೊರೆ ಹರಿದರೆ ಸದ್ದು ಅಲ್ಲೇ ಸಾಯುತ್ತದೆ. ಬೋಟು ನಿಂತಾಗ ಚೆನ್ನಾಗಿ ತೋರಿಸಿ, ಓಡುವಾಗ ಪರದೆ ಬರೇ ಕೊಳೆ ಕೊಳೆ ಆದರೆ ಅದು ಮಿಷನ್ನಿನ ತಪ್ಪಲ್ಲ, ಜಾಗದ ತಪ್ಪು.

ಹಾಗಾದರೆ ಜಾಗ ಎಲ್ಲಿ? ಬೋಟನ್ನು ತಳ್ಳುವ ಫ್ಯಾನಿನಿಂದ ದೂರ. ಎಂಜಿನ್ ತಂಪು ಮಾಡುವ ನೀರು ಹೊರಬೀಳುವ ತೂತಿನ ಹಿಂದೆ ಅಲ್ಲ. ಅಡಿಯ ಹಲಗೆಯ ಏಣು, ಬೋಲ್ಟಿನ ತಲೆ, ಇವುಗಳ ಹಿಂದಿನ ಸಾಲಿನಲ್ಲೂ ಅಲ್ಲ, ಅಲ್ಲಿ ಸುಳಿ ಏಳುತ್ತದೆ. ಮೂತಿಯ ತೀರ ಹತ್ತಿರವಾದರೆ ತೆರೆಗೆ ಮೂತಿ ಎದ್ದಾಗ ಟ್ರಾನ್ಸ್‌ಡ್ಯೂಸರ್ ನೀರಿನಿಂದಲೇ ಹೊರಗೆ. ನಮ್ಮ ಟ್ರಾಲ್ ಬೋಟುಗಳಲ್ಲಿ ಮುಂದಿನಿಂದ ಮೂರನೇ ಒಂದು ಪಾಲು, ಹೆಚ್ಚೆಂದರೆ ಅರ್ಧ ದಾಟದ ಜಾಗದಲ್ಲಿ ಹುಡುಕುತ್ತೇನೆ. ಬೋಟು ಮೇಲೆ ಎಳೆದಿರುವಾಗ ಅದರ ಅಡಿಯಲ್ಲಿ ಬೆನ್ನ ಮೇಲೆ ಮಲಗಿ, ಹಿಂದಿನ ವರ್ಷದ ಬಣ್ಣ ಎಲ್ಲಿ ಸವೆದಿದೆ, ಪಾಚಿ ಯಾವ ಗೆರೆಯಲ್ಲಿ ಉಳಿದಿದೆ ಎಂದು ನೋಡಿದರೆ ನೀರು ಹರಿದ ದಾರಿ ತಿಳಿಯುತ್ತದೆ. ಪುಸ್ತಕಕ್ಕಿಂತ ಆ ಬಣ್ಣ ಹೆಚ್ಚು ಹೇಳುತ್ತದೆ.

ಆಮೇಲೆ ತೂತು. ಇಷ್ಟು ವರ್ಷವಾದರೂ ತೂತು ಕೊರೆಯುವ ದಿನ ನನಗೆ ಬೆಳಿಗ್ಗೆ ತಿಂಡಿ ಸರಿಯಾಗಿ ಸೇರುವುದಿಲ್ಲ. ಲೆಕ್ಕ ಕೇಳಿ. ನೀರಿನ ಮಟ್ಟದಿಂದ ಒಂದು ಮೀಟರ್ ಕೆಳಗೆ 5 ಸೆಂಟಿಮೀಟರ್ ಅಗಲದ ತೂತು ಬಾಯಿಬಿಟ್ಟರೆ ನಿಮಿಷಕ್ಕೆ ಸುಮಾರು 300 ಲೀಟರ್ ನೀರು ನುಗ್ಗುತ್ತದೆ. ಹದಿನೈದು ಲೀಟರಿನ ಕೊಡಪಾನವಾದರೆ ಇಪ್ಪತ್ತು ಕೊಡ, ಒಂದು ನಿಮಿಷಕ್ಕೆ. ಕಲಾಸಿಗಳು ಎಷ್ಟು ಜನ ಸಾಲು ನಿಂತು ಮೊಗೆದರೂ ಸೋಲೇ.

ಇಲ್ಲಿ ಬೋಟಿನ ಮೈ ಯಾವುದು ಎಂಬುದನ್ನು ಮೊದಲು ಕೇಳಬೇಕು. ಮರದ ಬೋಟಿಗೆ ಪ್ಲಾಸ್ಟಿಕ್ ಕವಚದ ಟ್ರಾನ್ಸ್‌ಡ್ಯೂಸರ್ ಕೂಡದು. ಮರ ನೀರು ಕುಡಿದು ಊದಿ, ಪ್ಲಾಸ್ಟಿಕ್ಕಿನ ಕುತ್ತಿಗೆಯನ್ನು ಹಿಸುಕಿ ಸೀಳಿಬಿಡುತ್ತದೆ. ಅಲ್ಲಿ ಕಂಚಿನದೇ ಸರಿ. ಅದೇ ಕಂಚನ್ನು ಕಬ್ಬಿಣದ ಬೋಟಿಗೆ ನೇರವಾಗಿ ತಾಗಿಸಿದರೆ ಉಪ್ಪುನೀರಿನಲ್ಲಿ ಎರಡು ಲೋಹ ಸೇರಿ ಬ್ಯಾಟರಿಯೇ ಆಗುತ್ತದೆ, ಸುತ್ತಲಿನ ಕಬ್ಬಿಣ ಸದ್ದಿಲ್ಲದೆ ಕರಗುತ್ತದೆ. ನಡುವೆ ವಿದ್ಯುತ್ ಹರಿಯದ ಬುಶ್ ಇರಲೇಬೇಕು. ಫೈಬರ್ ಬೋಟಿನಲ್ಲಿ ಈ ತಲೆನೋವು ಕಡಿಮೆ, ಆದರೆ ಕೊರೆದ ಅಂಚಿನಲ್ಲಿ ಒಳಗಿನ ಮರವೋ ಫೋಮೋ ಬಾಯಿಬಿಟ್ಟರೆ ಅದನ್ನು ರೆಸಿನ್ನಿನಿಂದ ಮುಚ್ಚಿಯೇ ಮುಂದುವರಿಯಬೇಕು.

ಸೀಲ್ ಮಾಡಲು ಬಚ್ಚಲಿಗೆ ಹಚ್ಚುವ ಸಿಲಿಕೋನ್ ತಂದುಕೊಡುವವರಿದ್ದಾರೆ. "ಇದೂ ನೀರಿಗೇ ಅಲ್ವಾ ಮಾರಾಯ್ರೆ?" ಎನ್ನುತ್ತಾರೆ. ಬಚ್ಚಲು ಡೀಸೆಲ್ ಎಂಜಿನ್ ಇಟ್ಟುಕೊಂಡು ನಡುಗುತ್ತದೆಯೆ? ನೀರಿನ ಕೆಳಗಿನ ಕೆಲಸಕ್ಕೆಂದೇ ಬರುವ ಪಾಲಿಯುರೆಥೇನ್ ಸೀಲೆಂಟು ಬೇರೆ. ಅದು ಗಟ್ಟಿಯಾಗಲು ದಿನಗಳು ಬೇಕು, ಕೆಲವು ಜಾತಿಗೆ ಒಂದು ವಾರವೇ ಬೇಕು. ನಟ್ಟನ್ನು ಬಿಗಿಯುವಾಗ ಸೀಲೆಂಟೆಲ್ಲ ಹೊರಗೆ ಹಿಂಡಿ ಹೋಗುವಷ್ಟು ಶಕ್ತಿ ತೋರಿಸಬಾರದು. ಟ್ರಾನ್ಸ್‌ಡ್ಯೂಸರನ್ನು ಅದರ ಕೇಬಲ್ ಹಿಡಿದು ನೇತಾಡಿಸಬಾರದು. ಕೇಬಲ್ ಉದ್ದವಾಯಿತೆಂದು ಕತ್ತರಿಸಲೂಬಾರದು, ಸುರುಳಿ ಮಾಡಿ ಕಟ್ಟಿಡಿ.

ಬೋಟು ನೀರಿಗೆ ಇಳಿದ ಕೂಡಲೇ ಕೆಳಗಿಳಿದು ಟಾರ್ಚ್ ಹಾಕಿ ನೋಡಿ. ಒಣಗಿದೆ ಎಂದು ಮನೆಗೆ ಹೋಗಬೇಡಿ. ಸಣ್ಣ ಜಿನುಗು ಮೊದಲಿಗೆ ಕಾಣುವುದಿಲ್ಲ, ಮೂರು ಗಂಟೆಯೊಳಗೆ ಇನ್ನೊಮ್ಮೆ ನೋಡಬೇಕು, ಮರುದಿನ ಮತ್ತೊಮ್ಮೆ. ದಕ್ಕೆಯಲ್ಲೇ ಕಟ್ಟಿದ ಬೋಟು ರಾತ್ರೋರಾತ್ರಿ ಕುಳಿತುಬಿಡುವುದು ಹೀಗೆಯೇ.

ಇನ್ನು ವಿದ್ಯುತ್ತು. ನಮ್ಮಲ್ಲಿ ಬೋಟಿನ ವಯರಿಂಗ್ ಮಾಡುವವರಲ್ಲಿ ಬಹಳ ಮಂದಿ ಲಾರಿಯ ಕೆಲಸ ಕಲಿತು ಬಂದವರು. ಒಳ್ಳೆಯ ಕೈಗಳೇ, ಆದರೆ ಲಾರಿ ಉಪ್ಪುನೀರಿನಲ್ಲಿ ಓಡುವುದಿಲ್ಲ. ಲಾರಿಯಲ್ಲಿ ನೆಗೆಟಿವ್ ವಯರನ್ನು ಚಾಸಿಗೆ ಕೊಟ್ಟರಾಯಿತು. ಕಬ್ಬಿಣದ ಬೋಟಿನಲ್ಲಿ ಹಾಗೆ ಮೈಗೆ ಕೊಟ್ಟರೆ ಕರೆಂಟು ಮೈಯಲ್ಲೇ ಹರಿದು, ನೀರು ಮುಟ್ಟುವಲ್ಲಿ ಕಬ್ಬಿಣವನ್ನು ತಿನ್ನಲು ಶುರುಮಾಡುತ್ತದೆ. ಹೋಗುವುದಕ್ಕೊಂದು, ಬರುವುದಕ್ಕೊಂದು, ಎರಡು ವಯರು ಬೇಕೇ ಬೇಕು. ಅದೂ ತವರ ಲೇಪಿಸಿದ ತಾಮ್ರದ ವಯರು. ಬರೀ ತಾಮ್ರ ಕೆಲವೇ ವರ್ಷದಲ್ಲಿ ಪ್ಲಾಸ್ಟಿಕ್ಕಿನ ಒಳಗೊಳಗೇ ಕಪ್ಪಾಗುತ್ತದೆ, ಹೊರಗಿನಿಂದ ಅಂಗಡಿಯಲ್ಲಿದ್ದಷ್ಟೇ ಚಂದ ಕಾಣುತ್ತಿರುತ್ತದೆ.

ವಯರಿನ ದಪ್ಪದ ಲೆಕ್ಕ ಮಾತ್ರ ಸ್ವಲ್ಪ ಗಮನವಿಟ್ಟು ಕೇಳಿ. ಬ್ಯಾಟರಿಯಿಂದ ಕ್ಯಾಬಿನ್ನಿಗೆ 10 ಮೀಟರ್ ಎಂದುಕೊಳ್ಳಿ. ಕರೆಂಟು ಹೋಗಿ ಬರಬೇಕಾದ್ದರಿಂದ ದಾರಿ 20 ಮೀಟರ್. ಮನೆಯ ದೀಪಕ್ಕೆ ಎಳೆಯುವ ಒಂದೂವರೆ ಚದರ ಮಿಲಿಮೀಟರಿನ ವಯರಿನಲ್ಲಿ 5 ಆಂಪಿಯರ್ ಹರಿಸಿದರೆ ದಾರಿಯಲ್ಲೇ ಒಂದು ವೋಲ್ಟಿಗಿಂತ ಹೆಚ್ಚು ಸೋರಿಹೋಗುತ್ತದೆ. ಮನೆಯ 230ರಲ್ಲಿ ಒಂದು ವೋಲ್ಟು ಹೋದರೆ ಯಾರಿಗೂ ಗೊತ್ತಾಗುವುದಿಲ್ಲ. ಬೋಟಿನ 12ರಲ್ಲಿ ಹೋದರೆ, ಅದೂ ಬ್ಯಾಟರಿ ಸ್ವಲ್ಪ ಇಳಿದಿರುವ ಬೆಳಗಿನ ಜಾವ, ಮಿಷನ್ನು ಕಣ್ಣು ಮುಚ್ಚುತ್ತದೆ. ಆರು ಚದರ ಮಿಲಿಮೀಟರ್ ಹಾಕಿದರೆ ನಷ್ಟ ಕಾಲು ವೋಲ್ಟಿನ ಆಸುಪಾಸಿಗೆ ಬರುತ್ತದೆ. ವಯರ್‌ಲೆಸ್ ಇರುವ ಬೋಟಿನಲ್ಲಿ ಈ ಲೆಕ್ಕ ಪ್ರಾಣದ ಲೆಕ್ಕ. ಕೇಳುವಾಗ ಅದು ಅರ್ಧ ಆಂಪಿಯರ್ ಮಾತ್ರ ಕುಡಿಯುತ್ತದೆ, ಗುಂಡಿ ಒತ್ತಿ ಮಾತಾಡುವಾಗ ಐದಾರು ಆಂಪಿಯರ್ ಎಳೆಯುತ್ತದೆ. ಬೇರೆಯವರ ಮಾತು ಚೆನ್ನಾಗಿ ಕೇಳಿಸುತ್ತದೆ, ನೀವು ಸಹಾಯಕ್ಕೆ ಕೂಗುವಾಗ ಮಾತ್ರ ಅದು ಆಫ್ ಆಗುತ್ತದೆ. ಸಪೂರ ವಯರಿನ ಕಿತಾಪತಿ ಇದು.

ಫ್ಯೂಸ್ ಮಿಷನ್ನನ್ನು ಕಾಯಲಿಕ್ಕೆ ಎಂದು ಹೆಚ್ಚಿನವರು ತಿಳಿದಿದ್ದಾರೆ. ಅದು ಕಾಯುವುದು ವಯರನ್ನು, ಅಂದರೆ ಬೋಟನ್ನು. ಕ್ಯಾಬಿನ್ನಿನಲ್ಲಿ ಮಿಷನ್ನಿನ ಪಕ್ಕದಲ್ಲಿ ಫ್ಯೂಸ್ ಇಟ್ಟರೆ, ಬ್ಯಾಟರಿಯಿಂದ ಅಲ್ಲಿಯವರೆಗಿನ ಹತ್ತು ಮೀಟರ್ ವಯರಿಗೆ ದಿಕ್ಕಿಲ್ಲ. ಎಂಜಿನ್ ಕೋಣೆಯಲ್ಲಿ ಎಲ್ಲೋ ಉಜ್ಜಿ ಸಿಪ್ಪೆ ಸುಲಿದು ಶಾರ್ಟ್ ಆದರೆ, ಎಂಜಿನ್ ತಿರುಗಿಸುವಷ್ಟು ತಾಕತ್ತಿನ ಬ್ಯಾಟರಿ ಆ ವಯರನ್ನು ಹೀಟರಿನ ಕಾಯಿಲ್ ಮಾಡಿಬಿಡುತ್ತದೆ. ಬ್ಯಾಟರಿಯಿಂದ 7 ಇಂಚಿನೊಳಗೆ ಫ್ಯೂಸ್ ಇರಬೇಕು ಎನ್ನುವುದು ಅಮೆರಿಕದ ಬೋಟ್ ಕಟ್ಟುವವರ ಮಾನದಂಡ. ನಮ್ಮಲ್ಲಿ ಗೇಣು ಎಂದು ನೆನಪಿಟ್ಟುಕೊಂಡರೂ ಸಾಕು. ಮತ್ತು ಹಾರಿದ ಫ್ಯೂಸಿನ ಜಾಗದಲ್ಲಿ ಸಿಗರೇಟು ಪ್ಯಾಕಿನ ಬೇಗಡೆ ಸುತ್ತುವ ವಿದ್ಯೆಯನ್ನು ದಯವಿಟ್ಟು ಹುಡುಗರಿಗೆ ಕಲಿಸಬೇಡಿ.

ಇನ್ನೊಂದು ವಿದ್ಯೆ ಇದೆ. ಎಂಜಿನ್ನಿಗೆ ಎರಡು ಬ್ಯಾಟರಿ ಸೇರಿ 24 ವೋಲ್ಟು, ಮಿಷನ್ನಿಗೆ ಬೇಕಾದದ್ದು 12. ಒಂದು ಬ್ಯಾಟರಿಯಿಂದ ಮಾತ್ರ ವಯರು ಎಳೆಯುತ್ತಾರೆ. ಜೋಡೆತ್ತುಗಳಲ್ಲಿ ಒಂದಕ್ಕೆ ಮಾತ್ರ ನೊಗ ಕಟ್ಟಿದಂತೆ. ಒಂದು ಬ್ಯಾಟರಿ ಸದಾ ಅರೆಹೊಟ್ಟೆ, ಇನ್ನೊಂದು ಅತಿಯಾಗಿ ಚಾರ್ಜಾಗಿ ಕುದಿಯುತ್ತದೆ. ಈಗಿನ ಬಹಳಷ್ಟು ಮಿಷನ್ನುಗಳು 12ಕ್ಕೂ 24ಕ್ಕೂ ಒಗ್ಗುತ್ತವೆ, ಹಿಂದೆ ಅಂಟಿಸಿದ ಚೀಟಿ ಓದಿ. ಒಗ್ಗದಿದ್ದರೆ ನಡುವೆ ಕನ್ವರ್ಟರ್ ಹಾಕಿ. ಸಾಧ್ಯವಿದ್ದವರು ಈ ಉಪಕರಣಗಳಿಗೇ ಬೇರೆ ಬ್ಯಾಟರಿ ಇಟ್ಟರೆ ಎಂಜಿನ್ ಸ್ಟಾರ್ಟ್ ಮಾಡುವ ಪ್ರತಿಸಲವೂ ಜಿಪಿಎಸ್ ಆರಿಹೋಗಿ ಹೊತ್ತಿಕೊಳ್ಳುವುದು ನಿಲ್ಲುತ್ತದೆ.

ಬ್ಯಾಟರಿಯ ಬಗ್ಗೆ ಹೇಳುವಾಗಲೇ ಎರಡು ಗಾಳಿಗಳ ಮಾತು ಹೇಳಿಬಿಡುತ್ತೇನೆ. ಚಾರ್ಜಾಗುವಾಗ ಬ್ಯಾಟರಿಯಿಂದ ಹೊರಡುವ ಹೈಡ್ರೋಜನ್ ಹಗುರ, ಮೇಲೆ ಏರುತ್ತದೆ. ಗಾಳಿಯಲ್ಲಿ ನೂರಕ್ಕೆ ನಾಲ್ಕು ಪಾಲು ಸೇರಿದರೆ ಒಂದು ಕಿಡಿ ಸಾಕು. ಅಡುಗೆಯ ಗ್ಯಾಸ್ ಭಾರ, ಸೋರಿದರೆ ಕೆಳಗಿಳಿದು ಬೋಟಿನ ತಳದಲ್ಲಿ ನೀರಿನ ಹಾಗೆ ನಿಲ್ಲುತ್ತದೆ. ಮೇಲೆ ವಾಸನೆ ಬರದಿದ್ದರೂ ಕೆಳಗೆ ಇರಬಹುದು. ಆದ್ದರಿಂದ ಡ್ರಿಲ್ ತೆಗೆಯುವ ಮೊದಲು ಸಿಲಿಂಡರ್ ದಕ್ಕೆಯ ಮೇಲೆ ಹೋಗಬೇಕು, ಎಂಜಿನ್ ಕೋಣೆಯ ಬಾಗಿಲು ತೆರೆದಿರಬೇಕು, ಬ್ಯಾಟರಿಯ ನೆಗೆಟಿವ್ ಮೊದಲು ಬಿಚ್ಚಿರಬೇಕು. ಮಳೆಯಲ್ಲಿ ದಡದಿಂದ 230 ವೋಲ್ಟಿನ ವಯರು ಎಳೆದು ಡ್ರಿಲ್ ಮಾಡುವುದು ನನಗೆ ಆಗದು. ಬ್ಯಾಟರಿ ಡ್ರಿಲ್ ಇಲ್ಲದವರು ಕನಿಷ್ಠಪಕ್ಷ, 30 ಮಿಲಿಆಂಪಿಯರಿಗೆ ಕಡಿಯುವ ಇಎಲ್‌ಸಿಬಿ ಇರುವ ಬೋರ್ಡಿನಿಂದ ತೆಗೆದುಕೊಳ್ಳಿ.

ವೆಲ್ಡಿಂಗಿನವರಿಗೂ ಒಂದು ಮಾತು. ಕಬ್ಬಿಣದ ಬೋಟಿಗೆ ರಾಡ್ ಮುಟ್ಟಿಸುವ ಮೊದಲು ಮಿಷನ್ನುಗಳ ಎಲ್ಲ ವಯರು, ಆಂಟೆನಾ ಸಹಿತ, ಬಿಚ್ಚಿಸಿ. ಸ್ವಿಚ್ ಆಫ್ ಮಾಡಿದರೆ ಸಾಲದು. ನಾನು ಜೂನ್ ಮೊದಲ ವಾರ ಕೂರಿಸಿದ ಹೊಸ ಮಿಷನ್ನೊಂದು ಎರಡನೇ ವಾರ ವೆಲ್ಡಿಂಗಿಗೆ ಬಲಿಯಾಯಿತು. ಅದು ನಿಜವಾಗಿಯೂ ಸತ್ತಿತ್ತು.

ಕ್ಯಾಬಿನ್ನಿನಲ್ಲಿ ಜಾಗ ಇದ್ದಲ್ಲಿ ಕೂರಿಸುತ್ತಾ ಹೋದರೆ ಬಡಪಾಯಿ ದಿಕ್ಸೂಚಿ ಮೂಲೆಗುಂಪಾಗುತ್ತದೆ. ವಯರ್‌ಲೆಸ್ಸಿನ ಸ್ಪೀಕರಿನೊಳಗೆ ಅಯಸ್ಕಾಂತ ಇದೆ. ಅದನ್ನು ದಿಕ್ಸೂಚಿಯ ಪಕ್ಕ ಕೂರಿಸಿದರೆ ಮುಳ್ಳು ಹತ್ತಾರು ಡಿಗ್ರಿ ಸುಳ್ಳು ಹೇಳಬಹುದು. ಜಿಪಿಎಸ್ ಇರುವಾಗ ಮುಳ್ಳು ಯಾಕೆ ಎಂದು ಕೇಳುವ ಹುಡುಗರೇ, ಬ್ಯಾಟರಿ ಇಲ್ಲದೆ ನಡೆಯುವುದು ಆ ಕ್ಯಾಬಿನ್ನಿನಲ್ಲಿ ಅದೊಂದೇ.

ಆಂಟೆನಾ ಎಷ್ಟು ಎತ್ತರವೋ ಮಾತು ಅಷ್ಟು ದೂರ. 9 ಮೀಟರ್ ಎತ್ತರದ ಎರಡು ಆಂಟೆನಾಗಳ ನಡುವೆ ಸುಮಾರು 25 ಕಿಲೋಮೀಟರ್ ಸಿಗುತ್ತದೆ, ಯಂತ್ರದ ಶಕ್ತಿ ಹೆಚ್ಚಿಸಿದರೂ ಭೂಮಿಯ ಉಬ್ಬು ದಾಟುವುದು ಕಷ್ಟ. ಕೇಬಲ್ ಸೇರುವಲ್ಲಿ ತನಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪು ಸುತ್ತಿ, ಒಳಗೆ ಹೋಗುವ ಮೊದಲು ಕೇಬಲ್ಲನ್ನು ಒಮ್ಮೆ ಕೆಳಕ್ಕೆ ಬಾಗಿಸಿ ಬಿಟ್ಟರೆ ಮಳೆನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಎಲ್ಲ ಆದ ಮೇಲೆ ಸೆಟ್ಟಿಂಗ್. ನಮ್ಮ ಹಿರಿಯರು ಹಗ್ಗಕ್ಕೆ ಸೀಸದ ಗುಂಡು ಕಟ್ಟಿ ಮಾರಿನ ಲೆಕ್ಕದಲ್ಲಿ ಆಳ ಹೇಳುತ್ತಿದ್ದರು, ಈಗಲೂ ಬೋಟು ನಡೆಸುವ ತಾಂಡೇಲರ ಬಾಯಲ್ಲಿ ಬರುವುದು ಮಾರೇ. ಮಿಷನ್ನಿನಲ್ಲಿ ಮೀಟರ್, ಅಡಿ, ಫ್ಯಾದಮ್ ಮೂರೂ ಇರುತ್ತವೆ. ಒಂದು ಫ್ಯಾದಮ್ ಎಂದರೆ ಆರು ಅಡಿ, ನಮ್ಮ ಮಾರಿನಷ್ಟೇ. ಯಾರೋ ಹುಡುಗ ಗುಂಡಿ ಒತ್ತಿ ಫ್ಯಾದಮ್ಮನ್ನು ಮೀಟರ್ ಮಾಡಿಟ್ಟರೆ, ಪರದೆಯಲ್ಲಿ 4 ಎಂದು ನೋಡಿ ಇಪ್ಪತ್ತನಾಲ್ಕು ಅಡಿ ನೀರಿದೆ ಎಂದುಕೊಂಡ ತಾಂಡೇಲನ ಕೆಳಗೆ ಹದಿಮೂರು ಅಡಿ ಮಾತ್ರ ಇರುತ್ತದೆ. ಹೊರಕಡಲಿನಲ್ಲಿ ಪರವಾಗಿಲ್ಲ. ಮರಳು ವರ್ಷವರ್ಷ ಜಾಗ ಬದಲಿಸುವ ಗಂಗೊಳ್ಳಿ, ಹೊನ್ನಾವರಗಳ ಅಳಿವೆಬಾಯಿಯಲ್ಲಿ ಅದು ಬೋಟು ಮಗುಚುವ ವ್ಯತ್ಯಾಸ.

ಸ್ಥಾನ ಹೇಳುವಾಗಲೂ ಹಾಗೆಯೇ. 13 ಡಿಗ್ರಿ 21.50 ಮಿನಿಟ್ ಎಂದರೆ ಇಪ್ಪತ್ತೊಂದೂವರೆ ಮಿನಿಟ್. ಅದನ್ನು 21 ಮಿನಿಟ್ 50 ಸೆಕೆಂಡ್ ಎಂದು ಓದಿದರೆ ಹುಡುಕಲು ಬಂದವರು 600 ಮೀಟರ್ ಆಚೆ ಹುಡುಕುತ್ತಾರೆ. ರಾತ್ರಿ, ತೆರೆಯ ನಡುವೆ, ನೀರಿನಲ್ಲಿರುವ ತಲೆಗೆ 600 ಮೀಟರ್ ಬಹಳ ದೂರ.

ಹಳೆಯ ಜಿಪಿಎಸ್ ಬಿಚ್ಚುವ ಮೊದಲು ಅದರೊಳಗಿನ ಪಾಯಿಂಟುಗಳನ್ನು ಪುಸ್ತಕಕ್ಕೆ ಇಳಿಸಿಕೊಳ್ಳಿ. ಬಲೆ ಹರಿಯುವ ಕಲ್ಲು ಎಲ್ಲಿದೆ, ಅಕ್ಟೋಬರಿನಲ್ಲಿ ಅಂಜಲ್ ಮೀನು ಎಲ್ಲಿ ಸಿಕ್ಕಿತು, ಎಲ್ಲ ಅದರಲ್ಲಿರುತ್ತದೆ. ತಾಂಡೇಲರು ಅದನ್ನು ಅಣ್ಣತಮ್ಮಂದಿರಿಗೂ ತೋರಿಸುವುದಿಲ್ಲ. ನಾನು ಬರೆದುಕೊಳ್ಳುವಾಗ ಒಬ್ಬರು ನನ್ನ ಪಕ್ಕದಲ್ಲೇ ಕುಳಿತಿದ್ದು, ಕೊನೆಗೆ ನನ್ನ ಕೈಯಿಂದ ಹಾಳೆ ಕಿತ್ತುಕೊಂಡು ಹೋದರು. ಸರಿಯಾಗಿಯೇ ಮಾಡಿದರು.

ಇನ್ನು ಕಾಣೆಯಾದವರನ್ನು ಹುಡುಕುವ ಮಾತು. 2018ರ ಡಿಸೆಂಬರ್ 13ರಂದು ನಮ್ಮ ಮಲ್ಪೆಯಿಂದಲೇ ಹೊರಟ ಸುವರ್ಣ ತ್ರಿಭುಜ ಬೋಟು ಏಳು ಮಂದಿಯೊಂದಿಗೆ ಕಾಣೆಯಾಯಿತು. 2019ರ ಮೇ ತಿಂಗಳಲ್ಲಿ ನೌಕಾಪಡೆಯ ನಿರೀಕ್ಷಕ್ ಹಡಗು ಮಹಾರಾಷ್ಟ್ರದ ಮಾಲ್ವಣದ ಆಚೆ ಕಡಲತಳದಲ್ಲಿ ಅದರ ಅವಶೇಷವನ್ನು ಹುಡುಕಿತು. ಕಾರಣದ ಚರ್ಚೆ ನನ್ನ ಕೆಲಸವಲ್ಲ. ಆದರೆ ಆ ತಿಂಗಳುಗಳಲ್ಲಿ ದಕ್ಕೆಯ ಹೆಂಗಸರು ನನ್ನನ್ನು ನಿಲ್ಲಿಸಿ ಕೇಳುತ್ತಿದ್ದದ್ದು ಮೀನು ಹುಡುಕುವ ಮಿಷನ್ನಿನ ಬಗ್ಗೆ ಅಲ್ಲ, ಮನುಷ್ಯರನ್ನು ಹುಡುಕುವ ಮಿಷನ್ನಿನ ಬಗ್ಗೆ. ಈಗ ಇಸ್ರೊ ತಯಾರಿಸಿದ ಅಪಾಯದ ಕರೆ ಕಳಿಸುವ ಡ್ಯಾಟ್ ಇದೆ, ಉಪಗ್ರಹದ ಮೂಲಕ ಸಂದೇಶ ದಾಟಿಸುವ ಟ್ರಾನ್ಸ್‌ಪಾಂಡರ್ ಇದೆ. ಒಂದು ಲಕ್ಷ ಬೋಟುಗಳಿಗೆ ಟ್ರಾನ್ಸ್‌ಪಾಂಡರ್ ಕೂರಿಸುವ ಕೇಂದ್ರದ ಯೋಜನೆ 2024ರ ಆಗಸ್ಟಿನಲ್ಲಿ ಶುರುವಾಯಿತು. ಸರಕಾರ ಕೊಟ್ಟದ್ದೆಂದು ಅದನ್ನು ಕ್ಯಾಬಿನ್ನಿನ ಒಳಗೆ ಚೀಲದ ಅಡಿ ತುರುಕಬೇಡಿ, ಅದಕ್ಕೆ ಆಕಾಶ ಕಾಣಬೇಕು. ವಯರ್‌ಲೆಸ್ಸಿನಲ್ಲಿ 16ನೇ ಚಾನೆಲ್ ಅಪಾಯದ ಕರೆಗೆಂದೇ ಇರುವುದು, ಅಲ್ಲಿ ಮೀನಿನ ರೇಟು ಮಾತಾಡಬೇಡಿ. ಕೋಸ್ಟ್ ಗಾರ್ಡಿನ ನಂಬರು 1554. ಕ್ಯಾಬಿನ್ನಿನ ಗೋಡೆಗೆ ಬಣ್ಣದಲ್ಲಿ ಬರೆಸಿ.

ಕೊನೆಯದಾಗಿ ಬೋಟಿನ ಯಜಮಾನರಲ್ಲಿ ಒಂದು ಕೋರಿಕೆ. ನೂಲ ಹುಣ್ಣಿಮೆಯ ಸಮುದ್ರಪೂಜೆ ಹತ್ತಿರ ಬಂದಾಗ ನನ್ನ ಫೋನು ನಿಲ್ಲದೆ ಬಡಿದುಕೊಳ್ಳುತ್ತದೆ. "ಅಣ್ಣ, ನಾಡಿದ್ದು ಬೋಟು ಹೋಗ್ತದೆ, ಇವತ್ತೇ ಕೂರಿಸಿ ಕೊಡಿ." ಇವತ್ತು ಹಚ್ಚಿದ ಸೀಲೆಂಟು ನಾಡಿದ್ದಿಗೆ ಗಟ್ಟಿಯಾಗುವುದಿಲ್ಲ, ನಾನು ಎಷ್ಟು ಬೇಗ ಕೈ ಓಡಿಸಿದರೂ ಆಗುವುದಿಲ್ಲ. ಈಗ ಜೂನ್, ಬೋಟು ಮೇಲೆ ಇದೆ, ಸಮಯ ಉಂಟು. ಕರೆಯುವುದಾದರೆ ಈ ವಾರ ಕರೆಯಿರಿ, ನಿಮ್ಮ ತಾಂಡೇಲರನ್ನೂ ಜೊತೆಗೆ ಕರೆದುಕೊಂಡು ಬನ್ನಿ. ಫ್ಯೂಸ್ ಎಲ್ಲಿದೆ ಎಂದು ಅವರಿಗೆ ಕೈಹಿಡಿದು ತೋರಿಸಬೇಕು.